ತಂಪು ಎಂದು ಬರೆದ ಜಾಗ

ಸಂಡೂರು ಗಣಿಕೊಳ್ಳ
30 ಫೆಬ್ರವರಿ 2187

ಉಗ್ರಾಣದ ಯಂತ್ರವನ್ನು ಬರೆದವರಿಗೆ,

ತಾರೀಖು ತಪ್ಪಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಈ ವಿಷಯ ಮಾತ್ರ ಕನ್ನಡದಲ್ಲೇ ಹೇಳಬೇಕೆನಿಸಿತು, ಏಕೆಂದರೆ ಅದು ನಡೆದದ್ದು ಕನ್ನಡದಲ್ಲಿ.

ಅದಿರು ತೆಗೆದು ಬಿಟ್ಟ ಗುಂಡಿಯ ಮೆಟ್ಟಿಲುಗಳ ಮೇಲೆ ನಮ್ಮ ಮನೆಗಳಿವೆ. ಬಿಸಿಲೇರುವ ಮೊದಲೇ ಅಡುಗೆ, ಬಟ್ಟೆ ಒಗೆಯುವುದು ಎಲ್ಲ ಮುಗಿಸಿ ಒಳಸೇರುತ್ತೇವೆ. ಔಷಧಿ ಬರುವುದು ಕರಾವಳಿಯ ಉಗ್ರಾಣದಿಂದ. ಅಲ್ಲಿ ಮನುಷ್ಯರಿಲ್ಲ, ನಿಮ್ಮ ಕಾಲದ ಯಂತ್ರವೇ ಇನ್ನೂ ಕೋರಿಕೆಗಳನ್ನು ಓದುತ್ತದೆ, ಅದೂ ನೀವು ಸೋಪ್ (SOAP) ಎಂದು ಕರೆದ, ಯಂತ್ರಗಳ ನಡುವೆ ಸಂದೇಶ ಒಯ್ಯುವ ಲಕೋಟೆಯಲ್ಲಿ ಕಳಿಸಿದರೆ ಮಾತ್ರ. ಕೋರಿಕೆ ಬರೆಯುವುದು ನನ್ನ ಕೆಲಸ. ಕಳಿಸುವ ಮುನ್ನ ರೋಗಿಯ ಮನೆಯವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅವರು ‘ಹೌದು’ ಎನ್ನಬೇಕು. ಇದನ್ನು ನಾವು ಕಿವಿಯೊಪ್ಪಿಗೆ ಎನ್ನುತ್ತೇವೆ.

ಸೋಮವಾರ ಹುಲಿಗೆವ್ವನ ಮೊಮ್ಮಗಳು, ಆರು ವರ್ಷದ ತುಂಗೆಗೆ ಹುಚ್ಚುನಾಯಿ ಕಚ್ಚಿತು. ಲಸಿಕೆ ತಂಪಿನಲ್ಲೇ ಬರಬೇಕು, ಇಲ್ಲವಾದರೆ ಕೆಡುತ್ತದೆ. ‘ತಂಪು: ಬೇಕು’ ಎಂದು ಬರೆದೆ, ಓದಿದೆ, ಹುಲಿಗೆವ್ವ ಹೌದೆಂದಳು. ಯಂತ್ರವೂ ‘ಸ್ವೀಕರಿಸಲಾಗಿದೆ’ ಎಂದಿತು. ಇವತ್ತು ಬೆಳಿಗ್ಗೆ ಬಂದ ಪೆಟ್ಟಿಗೆ ಕಾದ ಹೆಂಚಿನಂತಿತ್ತು.

“ನೀ ಓದಿದ್ದು ನಾ ಕೇಳೀನಲ್ಲಬೇ, ತಂಪು ಅಂದಿ. ನಿನ್ನ ಮಷೀನು ಕಿವುಡೇನು?” ಎಂದಳು ಹುಲಿಗೆವ್ವ.

ಕಿವುಡಲ್ಲ. ಲಕೋಟೆಯೊಳಗೆ ಪ್ರತಿ ಸಂಗತಿಯ ಆಚೀಚೆ ಅದರ ಹೆಸರು ಹೊತ್ತ ಗುರುತುಗಳಿರುತ್ತವೆ: ತೆರೆಯುವ ಟ್ಯಾಗ್ ಒಂದು, ಮುಚ್ಚುವ ಟ್ಯಾಗ್ ಒಂದು. ತಂಪನ್ನು ಲಸಿಕೆಯ ತೆರೆಯುವ ಟ್ಯಾಗಿನಲ್ಲೇ, ನೀವು ಆಟ್ರಿಬ್ಯೂಟ್ ಎನ್ನುವ, ಹೆಸರಿಗೇ ಅಂಟಿಸಿದ ಗುಣವಾಗಿ, ಬರೆಯಬೇಕಿತ್ತು. ನಾನು ಅದನ್ನು ಎರಡು ಟ್ಯಾಗ್‌ಗಳ ನಡುವೆ ಬೇರೆ ಸಾಲಾಗಿ ಬರೆದಿದ್ದೆ. ಗಟ್ಟಿಯಾಗಿ ಓದಿದರೆ ಎರಡೂ ಒಂದೇ ರೀತಿ ಕೇಳಿಸುತ್ತವೆ. ನಿಮ್ಮ ಯಂತ್ರ ನನ್ನ ಸಾಲನ್ನು ಸದ್ದಿಲ್ಲದೆ ಬದಿಗಿಟ್ಟು, ಆಟ್ರಿಬ್ಯೂಟ್ ಇಲ್ಲವೆಂದ ಮೇಲೆ ಮಾಮೂಲಿ ಪೆಟ್ಟಿಗೆ ಸಾಕು ಎಂದುಕೊಂಡಿತು.

ತಪ್ಪು ಯಾರದು? ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಬಹುಶಃ ನನ್ನ ಭಾರ ಇಳಿಸಿಕೊಳ್ಳಲೆಂದೇ ನಿಮಗೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ಹೊಸ ಕೋರಿಕೆ ಬರೆದೆ. ಓದಲು ಬಾಯಿ ತೆರೆದರೆ ಹುಲಿಗೆವ್ವ ತಡೆದಳು: “ಓದಬ್ಯಾಡ. ಎಲ್ಲಿ ಬರದೀ ತೋರ್ಸು.” ತೋರಿಸಿದೆ. ಅಕ್ಷರ ಬಾರದ ಆಕೆ ಪರದೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟು, ಕೋರಿಕೆ ಹೋಗುವ ತನಕ ತೆಗೆಯಲಿಲ್ಲ.

ಪೆಟ್ಟಿಗೆ ಬರಲು ಇನ್ನೂ ಮೂರು ದಿನ. ತುಂಗೆ ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಹುಚ್ಚುನಾಯಿಯ ರೋಗ ಏರಿದವರಿಗೆ ನೀರು ನುಂಗಲಾಗುವುದಿಲ್ಲ; ಅವಳು ನೀರು ಕುಡಿಯುವಾಗಲೆಲ್ಲ ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತೇವೆ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಅರ್ಥವಾಗದ ಸಾಲು ಕಂಡಾಗ ನಿಮ್ಮ ಯಂತ್ರ ‘ಸ್ವೀಕರಿಸಲಾಗಿದೆ’ ಎನ್ನದಿರಲಿ. ಹಿಂದಕ್ಕೆ ಕಳಿಸಲಿ, ಬೈದರೂ ಸರಿ. ಸೋಮವಾರ ಅದು ನನ್ನನ್ನು ಬೈದಿದ್ದರೆ ಅರ್ಧ ನಿಮಿಷದಲ್ಲಿ ತಿದ್ದುತ್ತಿದ್ದೆ.

ನಿವೇದಿತಾ ಕಂಪ್ಲಿ
ಕೋರಿಕೆ ಬರೆಯುವವಳು