ಚಳಿಗೆ ಕಾದ ಕೇಸರಿ ಮಡಿ

ಅಕ್ಟೋಬರ್ 9, ಬೆಳಿಗ್ಗೆ

ಇವತ್ತೂ ಹೂವಿಲ್ಲ. ಅಪ್ಪನ ಕೇಸರಿ ಮಡಿಗಳಿಗೆ ಒಂದು ಸುತ್ತು ಹಾಕಿ ಬಂದೆ. ಬರೀ ಕೆಂಪು ಮಣ್ಣು. ಬಿಸಿಲು ಇನ್ನೂ ಬೇಸಿಗೆಯದೇ. ಊರು ಬಿಟ್ಟು ಇಪ್ಪತ್ತೆರಡು ವರ್ಷ ಕಾಸಾಬ್ಲಾಂಕಾ ನಗರದಲ್ಲಿ ದಿನಸಿ ಅಂಗಡಿ ಇಟ್ಟವನಿಗೆ ಮಣ್ಣಿನ ಮನಸ್ಸು ಎಲ್ಲಿ ತಿಳಿಯಬೇಕು... ಅಪ್ಪ ಹೋದ ಮೇಲೆ ಇದು ಮೊದಲ ಬೆಳೆ. ಮನೆಯಲ್ಲಿ ಈಗ ಅಮ್ಮ, ನಾನು ಇಬ್ಬರೇ. ಗೆಡ್ಡೆಗಳು ಅಜ್ಜನ ಕಾಲದಿಂದ ಮರಿ ಹಾಕುತ್ತ ಬಂದವು. ನನ್ನ ಕೈಯಲ್ಲಿ ಸಾಯಬಾರದು.

ಅಕ್ಟೋಬರ್ 12

ಕಾಲುವೆ ತಿರುಗಿಸುತ್ತಿದ್ದೆ. ಪಕ್ಕದ ಹೊಲದ ಇಜ್ಜಾ ಬದುವಿನ ಮೇಲೆ ಬಂದು ನಿಂತಳು. ಗಂಡ ತೀರಿ ಆರು ವರ್ಷ, ಒಬ್ಬಳೇ ಬೇಸಾಯ.

“ಅಂಗಡಿಯವ್ರೇ, ನೀರು ಸಾಕು. ಈಗ ಗೆಡ್ಡೆಗೆ ಬೇಕಾಗಿರೋದು ಚಳಿ. ಅದು ಡಬ್ಬದಲ್ಲಿ ಬರಲ್ಲ.”

ನಕ್ಕೆ. ಅವಳು ಹೋದ ಮೇಲೆ ನೀರು ಬಿಟ್ಟೆ. ನಮ್ಮ ನೀರಿನ ಸರದಿ ಬಂದಾಗ ಸುಮ್ಮನಿರುವುದೇ? ನೀರು ಮಡಿಯಿಂದ ಮಡಿಗೆ ಹರಿಯಿತು, ಜೊತೆಗೆ ಆಕಾಶವೂ. ಸಂಜೆಯವರೆಗೆ ಅಲ್ಲೇ ಕೂತಿದ್ದೆ — ಹೂವಿಗೋ, ಅವಳಿಗೋ...

ಅಕ್ಟೋಬರ್ 16

ಮತ್ತೆ ನೀರು ಬಿಟ್ಟೆ. ಇಜ್ಜಾಳಿಗೆ ಹೇಳಲಿಲ್ಲ.

ಅಕ್ಟೋಬರ್ 27

ಕೆಳಗಿನ ಮಡಿ ಕೆದಕಿದೆ. ಗೆಡ್ಡೆ ಬೆರಳಿಗೆ ಮೆತ್ತಗೆ ಸಿಕ್ಕಿ ಒಡೆಯಿತು. ಕೊಳೆತ ವಾಸನೆ. ಹೋಗಿ ಇಜ್ಜಾಳ ಮುಂದೆ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಗುದ್ದಲಿ ಹಿಡಿದು ಬಂದಳು. ಇಬ್ಬರೂ ಸೇರಿ ನೀರು ಬಸಿಯಲು ಕಾಲುವೆ ತೋಡಿದೆವು. ಮೇಲಿನ ಎರಡು ಮಡಿ ಉಳಿಯಬಹುದಂತೆ. ಗಂಡ ತೀರಿದ ವರ್ಷ ಅವಳೂ ಹೀಗೇ ನೀರು ಹೊಯ್ದು ಅರ್ಧ ಹೊಲ ಕೊಳೆಸಿದ್ದಳಂತೆ.

“ಮನೇಲಿ ಸುಮ್ನೆ ಕೂರೋಕೆ ಆಗ್ತಿರ್ಲಿಲ್ಲ,” ಎಂದಳು. ನನ್ನ ಕಡೆ ನೋಡಲಿಲ್ಲ.

ನವೆಂಬರ್ 2

ಮೂಗಿನ ತುದಿ ಮರಗಟ್ಟಿ ಎಚ್ಚರವಾಯಿತು. ಕಿಟಕಿಯಾಚೆ ಸಿರ್ವಾ ಬೆಟ್ಟದ ನೆತ್ತಿಯಲ್ಲಿ ಹಿಮದ ಬಿಳುಪು. ಚಳಿ ಬಂತು. ಹಾಸಿಗೆಯಲ್ಲೇ ಮಲಗಿ ಮಣ್ಣಿನೊಳಗೆ ಏನೋ ಕಣ್ಣು ಬಿಡುತ್ತಿರುವುದನ್ನು ಕೇಳಿಸಿಕೊಂಡ ಹಾಗೆ...

ನವೆಂಬರ್ 4

ಇಜ್ಜಾಳ ಹೊಲವೆಲ್ಲ ನೇರಳೆ. ನನ್ನದರಲ್ಲಿ ಅಲ್ಲೊಂದು ಇಲ್ಲೊಂದು. ಬಿಸಿಲು ತಾಗಿದರೆ ಹೂ ಬಾಡುತ್ತದೆ, ಹೊತ್ತು ಮೂಡುವ ಮೊದಲೇ ಬಿಡಿಸಬೇಕು. ನನ್ನ ಕೆಲಸ ಬೇಗ ಮುಗಿಯಿತು. ನಿಂತುಬಿಟ್ಟೆ. ಇಜ್ಜಾ ಸೊಂಟದವರೆಗೆ ಮಂಜಿನಲ್ಲಿ ಮುಳುಗಿದ್ದಳು, ಕಾಲ ಕೆಳಗೆ ನೆಲವೇ ಇಲ್ಲದ ಹಾಗೆ.

“ನಿಂತು ನೋಡೋಕೆ ನಾನೇನು ಸಿನಿಮಾನಾ? ಬುಟ್ಟಿ ತಗೊಂಡು ಬನ್ನಿ. ಬಿಸಿಲು ಬಂದ್ಬಿಡುತ್ತೆ.”

ಹೋದೆ.

ನವೆಂಬರ್ 11

ಪ್ರತಿದಿನ ಅವಳ ಹೊಲ. ಆಮೇಲೆ ಅವಳ ಜಗಲಿಯಲ್ಲಿ ಅವಳು, ಅವಳ ಅತ್ತೆ, ನಾನು ಕೂತು ಹೂವಿನಿಂದ ಕೆಂಪು ಎಳೆ ಬಿಡಿಸುವುದು. ಬೆರಳೆಲ್ಲ ಹಳದಿ. ಅತ್ತೆ ಚಹಾ ತರಲು ಎದ್ದಾಗ ಕೇಳಿಬಿಟ್ಟೆ — ನಮ್ಮ ಎರಡು ಹೊಲಗಳ ನಡುವಿನ ಬದು ಇರಲೇಬೇಕೇ ಎಂದು. ಅವಳ ಕೈ ನಿಂತಿತು. ಹೂ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಳು.

ನವೆಂಬರ್ 20, ಮಧ್ಯಾಹ್ನ

ಹೂ ಮುಗಿದು ಮೂರು ದಿನ. ಹೊಲದಲ್ಲಿ ಈಗ ಹಸಿರು ಗರಿ ಮಾತ್ರ. ಬದುವಿನ ಮಾತಿಗೆ ಅವಳ ಉತ್ತರ ಇನ್ನೂ ಬಾಕಿಯಿತ್ತು. ಇವತ್ತು ಗೆಡ್ಡೆ ಕೊಳೆತು ಖಾಲಿಯಾದ ನನ್ನ ಮಡಿಯ ಹತ್ತಿರ ಬಂದು, ಕಾಲಿನಿಂದ ಮಣ್ಣು ಸರಿಸಿ ನೋಡಿದಳು.

“ಬೇಸಿಗೇಲಿ ನನ್ನ ಗೆಡ್ಡೆ ಕೀಳ್ತೀನಿ. ಇಲ್ಲಿಗೆ ಹಾಕೋಣ.”

ಅಷ್ಟೇ ಹೇಳಿ ಹೋದಳು.

‘ಹಾಕಿ’ ಎನ್ನಲಿಲ್ಲ. ‘ಹಾಕೋಣ’ ಎಂದಳು. ಅಮ್ಮನಿಗೆ ಹೇಳಬೇಕು. ಹೇಗೆ ಶುರು ಮಾಡಲಿ, ಮೊದಲು ಹೊಲದ ಮಾತು ತೆಗೆದು, ಆಮೇಲೆ —