ಸತುವಿನ ಮೇಲೆ ಬಳಿದ ಬಣ್ಣ

ಮಾರ್ಚ್ ೧೧, ಮಂಗಳವಾರ
ಬಣ್ಣದ ಶೆಡ್ಡು, ಊಟದ ಬಿಡುವು

ನನ್ನ ಮುದ್ದಿನ, ಮೊಂಡಿನ ಮಗಳಿಗೆ,

ಭಾನುವಾರ ನೀನು ಮೇಜಿನ ಮೇಲೆ ಬಿಟ್ಟುಹೋದ ಕಾಗದವನ್ನು ಮೂರು ಸಲ ಓದಿದೆ. ಸಹಿ ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಇನ್ನು ನೆಮ್ಮದಿಯಾಗಿ ಓದು.

"ಪೇಂಟರ್ ಅವರ ಅಜಾಗರೂಕತೆಯಿಂದ ಯಂತ್ರ ಕೆಟ್ಟಿತು" ಎಂದು ಎಷ್ಟು ಚೆಂದಕ್ಕೆ ಟೈಪ್ ಮಾಡಿಸಿದ್ದೀಯೇ! ಅಜಾಗರೂಕತೆಯಂತೆ! ಇಪ್ಪತ್ತೆಂಟು ವರ್ಷ ಹಡಗುಗಳ ಹೊಟ್ಟೆಗೆ ಬಣ್ಣ ಬಳಿದವಳಿಗೆ ಈ ಬಿರುದೊಂದು ಬಾಕಿಯಿತ್ತು ನೋಡು. ನಿಂಗೆ ಹೇಗೂ ಮುಂದಿನ ವರ್ಷ ರಿಟೈರ್‌ಮೆಂಟು, ನಂದು ಈಗಷ್ಟೇ ಶುರು ಅಮ್ಮಾ ಅಂತ ನೀನು ಅತ್ತೆ. ನೀನು ಅತ್ತರೆ ನನ್ನ ಕರುಳು ಹಿಂಡುತ್ತದೆ. ಅದು ನಿನಗೂ ಗೊತ್ತು, ಅದಕ್ಕೇ ಅತ್ತೆ.

ನಡೆದದ್ದು ಇಷ್ಟು. ಸಮುದ್ರದ ತಳದಲ್ಲಿ ನಿಂತು ನೀರಿನ ಹರಿವಿನಿಂದ ಕರೆಂಟು ತೆಗೆಯುವ ನಿನ್ನ ಮೊದಲ ಯಂತ್ರ ನಮ್ಮ ಶೆಡ್ಡಿಗೆ ಬಂದಾಗ, ಅದರ ಕಾಲುಗಳಿಗೆ ಸತುವಿನ ಗಟ್ಟಿಗಳನ್ನು ಬಿಗಿದಿದ್ದರು. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಕಬ್ಬಿಣ ಉಳಿಯುತ್ತದೆ. ಸತುವಿಗೆ ಬಣ್ಣ ಮೆತ್ತಿದರೆ ನೀರು ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ಇದು ನಮ್ಮ ಶೆಡ್ಡಿನ ಬೆಕ್ಕಿಗೂ ಗೊತ್ತು. ನಿನ್ನ ಡ್ರಾಯಿಂಗಿನಲ್ಲಿ ಮಾತ್ರ ಕಾಲುಗಳಿಗೆ ಪೂರ್ತಿ ಬಣ್ಣ ಎಂದಿತ್ತು. ಸತುವಿಗೂನಾ ಎಂದು ನಾನು ಕೇಳಿದೆ. ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಮಾಡಿ ಅಂತ ನೀನು ಅಂದೆ. ಮಾಡಿದೆ. ಎಂಟೇ ತಿಂಗಳಿಗೆ ಬೋಲ್ಟುಗಳು ತುಕ್ಕು ಹಿಡಿದು, ಯಂತ್ರ ವಾಲಿ ನಿಂತುಹೋಯಿತು, ತನಿಖೆ ಶುರುವಾಯಿತು.

ಈಗ ಅದೇ ಡ್ರಾಯಿಂಗ್ ಇಟ್ಟುಕೊಂಡು ಇನ್ನೂ ಆರು ಯಂತ್ರ ಕಟ್ಟುತ್ತಿದ್ದಾರೆ. ನಾನು ಸಹಿ ಹಾಕಿದರೆ ತಪ್ಪು ನನ್ನ ಬ್ರಷ್ಷಿನದಾಗುತ್ತದೆ, ಡ್ರಾಯಿಂಗು ಹಾಗೇ ಉಳಿಯುತ್ತದೆ, ಆರಕ್ಕೆ ಆರೂ ಕೊಳೆಯುತ್ತವೆ. ಆಮೇಲೆ ನಿಮ್ಮ ದೊಡ್ಡ ಸಾಹೇಬರು ಸಮುದ್ರದಿಂದ ಕರೆಂಟು ತೆಗೆಯೋದೇ ಹುಚ್ಚು ಅಂತ ಎಲ್ಲಕ್ಕೂ ಬೀಗ ಜಡಿಯುತ್ತಾರೆ. ನಾನು ಬಿಡುತ್ತೇನಾ? ಗಾಳಿ ನಿಂತರೂ ಬಿಸಿಲು ಹೋದರೂ ನನ್ನ ಮಗಳ ಯಂತ್ರ ನಿಲ್ಲಲ್ಲ ಅಂತ ಬೀದಿಯೆಲ್ಲ ಡಂಗುರ ಹೊಡೆದವಳು ನಾನು. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಸಹಿ ಹಾಕದಿದ್ದರೆ ನೋಡ್ಕೋತೀನಿ ಅಂತ ಸಾಹೇಬರು ಹೇಳಿ ಕಳಿಸಿದ್ದಾರಂತೆ. ಅಂಥ ಬೆದರಿಕೆಗೆಲ್ಲ ಸೊಪ್ಪು ಹಾಕುವವಳಲ್ಲ ಈ ಮುದುಕಿ. ನಿನಗಾಗಿ ಕೆಲಸ ಬಿಡು ಎಂದರೆ ಈಗಲೇ ಬಿಟ್ಟೇನು. ಸುಳ್ಳು ಹೇಳು ಎಂದರೆ, ಹೋಗೇ ಎನ್ನುತ್ತೇನೆ.

ನಾಳೆ ಮನೆಗೆ ಬಂದು ಊಟ ಮಾಡಿಕೊಂಡು ಹೋಗು. ಮೂತಿ ಊದಿಸಿಕೊಂಡೇ ಬಂದರೂ ಸರಿ.

ಎಷ್ಟು ಬೈದರೂ ನಿನ್ನವಳೇ ಆದ,
ಅಮ್ಮ

ಕೊನೆಗೆ ಉಳಿಸಿಕೊಂಡ ಮಾತು: "ಮಾಡಿದೆ" ಎಂದು ಮೇಲೆ ಒಂದೇ ಪದದಲ್ಲಿ ದಾಟಿಸಿಬಿಟ್ಟೆ. ಅವತ್ತು ಹತ್ತು ಜನರ ಮುಂದೆ, ಡ್ರಾಯಿಂಗ್ ಓದೋಕೆ ಬರದಿದ್ರೆ ಸುಮ್ನೆ ಬ್ರಷ್ ಹಿಡ್ಕೊಳ್ಳಿ ಅಂದೆಯಲ್ಲ. ಅಮ್ಮ ಅಂತಲೂ ಅನ್ನಲಿಲ್ಲ. ಅನುಭವಿಸಲಿ ಅಂತ, ಗೊತ್ತಿದ್ದೂ ಗೊತ್ತಿದ್ದೂ ಸತುವಿಗೆ ಒಂದು ಕೋಟು ಹೆಚ್ಚೇ ಬಳಿದೆ. ತನಿಖೆಯವರಿಗೆ ಅದನ್ನು ಬರೆದು ಸಹಿ ಹಾಕಿದ್ದೇನೆ. ಕಾಗದ ಇದರ ಜೊತೆಗಿದೆ. ಕೆಲಸ ಹೋದರೆ ಹೋಗಲಿ. ಕೆಳಗಿನ ಅರ್ಧ ಪುಟ ನಿನಗೆಂದು ಖಾಲಿ ಬಿಟ್ಟಿದ್ದೇನೆ. ಗುರುವಾರದ ತನಿಖೆಗೆ ಮೊದಲು ಡ್ರಾಯಿಂಗಿನ ತಪ್ಪು ಬರೆದು ತುಂಬು. ಇಲ್ಲವಾದರೆ ಅಲ್ಲಿ ನಾನೇ ಎದ್ದು ನಿಂತು ಹೇಳುತ್ತೇನೆ. ನನ್ನ ಗಂಟಲು ನಿನಗೆ ಗೊತ್ತಲ್ಲ.