ನೂರ ನಲವತ್ತು ಜನರ ಪಾದಗಳನ್ನು ಕಪಾಟಿನಲ್ಲಿಟ್ಟವರಿಗೆ

ಮಾನ್ಯ ನಿಧಿಸಂಗ್ರಹ ಪರಿಶೀಲನಾಧಿಕಾರಿಗಳೇ,

ನೂರ ನಲವತ್ತು ಜನರ ಪಾದಗಳು ತಮ್ಮ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಅವನ್ನು ಹಿಂದಿರುಗಿಸಿ ಎಂದು ಈಗಾಗಲೇ ನಾಲ್ಕು ಪತ್ರ ಬರೆದಿದ್ದೇನೆ. ನಾಲ್ಕಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆ. ಮೊಹರು ಬಹಳ ಅಂದವಾಗಿದೆ, ಉತ್ತರ ಮಾತ್ರ ಬಂದಿಲ್ಲ. ಆದ್ದರಿಂದ ಐದನೆಯದನ್ನು ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ಓದುವವರು ಗಾಬರಿಯಾಗುವುದು ಬೇಡ. ಅವು ಹಾಳೆಯ ಮೇಲೆ ಕಾಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ ಅಳತೆಗಳು. ರಕ್ತಪಾತವೇನೂ ಆಗಿಲ್ಲ. ಆಗಿರುವುದು ಕಚೇರಿ ಕೆಲಸ ಮಾತ್ರ.

ನಾನು ಇಪ್ಪತ್ತೆರಡು ವರ್ಷ ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು. ನನ್ನ ತಂಗಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಬಲಗಾಲಿಗಿಂತ ಮೂರು ಅಳತೆ ಚಿಕ್ಕದಾಗಿಯೇ ಉಳಿಯಿತು. ಪ್ರತಿ ಸಲವೂ ಎರಡು ಜೊತೆ ಕೊಂಡು, ಒಂದರಿಂದ ಎಡ, ಇನ್ನೊಂದರಿಂದ ಬಲ ತೆಗೆದುಕೊಂಡು, ಉಳಿದೆರಡನ್ನು ಮಂಚದಡಿ ತಳ್ಳುತ್ತಿದ್ದಳು. "ಅಕ್ಕಾ, ನಡೆಯೋಳು ಒಬ್ಬಳು, ಬಿಲ್ಲು ಮಾತ್ರ ಇಬ್ಬರದ್ದು" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅಂಥ ಬೂಟುಗಳನ್ನು ದಿನಕ್ಕೆ ನೂರಾರು ಹೊಲಿಯುತ್ತಿದ್ದವಳು ನಾನೇ.

ಕಾರ್ಖಾನೆ ಮುಚ್ಚಿದಾಗ ನನಗೊಂದು ಯೋಚನೆ ಬಂತು. ಎಡ ಒಂದು ಅಳತೆ, ಬಲ ಇನ್ನೊಂದು ಅಳತೆ, ಒಂದೇ ಕಾಲಿದ್ದವರಿಗೆ ಒಂದೇ ಬೂಟು, ಹೀಗೆ ಕಾಲು ನೋಡಿ ಮಾಡಿಕೊಡುವ ಅಂಗಡಿ ಯಾಕಿರಬಾರದು? ಬ್ಯಾಂಕಿನ ಮ್ಯಾನೇಜರರ ಬಳಿ ಹೋದೆ.

"ಜೋಡಿ ಇಲ್ಲದ ಬೂಟು ಯಾರಮ್ಮ ತಗೋತಾರೆ?" ಎಂದರು.

"ಜೋಡಿ ಇಲ್ಲದ ಕಾಲಿನವರು, ಸಾರ್."

ಅವರು ಮನಸಾರೆ ನಕ್ಕು ಟೀ ಕುಡಿಸಿದರು. ಸಾಲ ಕೊಡಲಿಲ್ಲ.

"ಅವರ ಎರಡು ಕಾಲೂ ಒಂದೇ ಥರ ಇವೆ, ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದಳು ತಂಗಿ. "ಗೊತ್ತಿರೋರನ್ನೇ ಕೇಳೋಣ ಬಾ."

ಅವಳು ಹೇಳಿದ್ದು ಕ್ರೌಡ್‌ಫಂಡಿಂಗ್ ಬಗ್ಗೆ. ಜಾಲತಾಣವೊಂದರಲ್ಲಿ ನಮ್ಮ ಯೋಚನೆಯನ್ನು ಬಿಡಿಸಿ ಹೇಳುವುದು, ಇಷ್ಟವಾದವರು ಕೈಲಾದಷ್ಟು ಕೊಡುವುದು, ಆ ಹಣದಲ್ಲಿ ಯಂತ್ರ ಮತ್ತು ಮರದ ಅಚ್ಚುಗಳನ್ನು ಕೊಂಡು, ಕೊಟ್ಟವರಿಗೇ ಮೊದಲ ಬೂಟುಗಳನ್ನು ಮಾಡಿಕೊಡುವುದು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ವಿಡಿಯೊ ಮಾಡಿದೆವು. ನಾನು ಮಾತಾಡಲು ಹೋಗಿ ತಡವರಿಸಿದೆ. ತಂಗಿ ಸ್ಟೂಲಿನ ಮೇಲೆ ಕೂತು, ಕಾಲುಚೀಲ ಕಳಚಿ, ಮೂವತ್ತೆಂಟು ವರ್ಷ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟಿದ್ದ ಕಾಲನ್ನು ಕ್ಯಾಮೆರಾದ ಮುಂದಿಟ್ಟಳು. "ಇದು ನನ್ನ ಎಡಗಾಲು. ಇದಕ್ಕೆ ಇವತ್ತಿನವರೆಗೆ ಸ್ವಂತ ಬೂಟಿಲ್ಲ" ಎಂದಳು. ಅಷ್ಟೇ.

ಆರು ವಾರಗಳಲ್ಲಿ ನಾನೂರಕ್ಕೂ ಹೆಚ್ಚು ಜನ ಕೊಟ್ಟರು. ಅವರಲ್ಲಿ ನೂರ ನಲವತ್ತು ಜನ ಅಂಚೆಯಲ್ಲಿ ಕಾಲಿನ ಅಳತೆಯನ್ನೂ ಕಳಿಸಿದರು. ಕೆಲವರದು ಪತ್ರಿಕೆಯ ಮೇಲೆ, ಕೆಲವರದು ಹಳೇ ಕ್ಯಾಲೆಂಡರಿನ ಬೆನ್ನಿಗೆ. ಒಬ್ಬರು ಒಂದೇ ಪಾದ ಬರೆದು, ಪಕ್ಕದ ಖಾಲಿ ಜಾಗದಲ್ಲಿ "ಇಲ್ಲಿ ಏನೂ ಇಲ್ಲ, ಕ್ಷಮಿಸಿ" ಎಂದು ಬರೆದಿದ್ದರು. ತಮ್ಮ ಕಾಲಿಗಾಗಿ ತಾವೇ ಕ್ಷಮೆ ಕೇಳುವ ಜನ ಸ್ವಾಮಿ ಇವರು!

ಆಗ ತಮ್ಮ ನೋಟಿಸು ಬಂತು. "ಸಂಶಯಾಸ್ಪದ ವ್ಯವಹಾರ." ಹಣ ತಡೆಹಿಡಿಯಲಾಗಿತ್ತು. ಎಲ್ಲ ದಾಖಲೆಗಳೊಂದಿಗೆ ಹಾಜರಾಗಬೇಕಿತ್ತು. ಅಳತೆಯ ಹಾಳೆಗಳನ್ನು ನೋಡಿದರೆ ತಮಗೆ ಅರ್ಥವಾಗಬಹುದೆಂದು ಅವನ್ನೂ ತಂದೆ. ಈ ಪತ್ರದಲ್ಲಿ ನಾನು ಒಪ್ಪಿಕೊಳ್ಳುವ ಒಂದೇ ಅಪರಾಧ ಅದು.

ತಮಗೆ ನೆನಪಿಲ್ಲದಿರಬಹುದು, ನನಗೆ ಪ್ರತಿ ಮಾತೂ ನೆನಪಿದೆ.

"ಇವರೆಲ್ಲ ನಿಮಗೆ ಏನಾಗಬೇಕು?" ಎಂದಿರಿ.

"ಏನೂ ಆಗಬೇಕಿಲ್ಲ ಸಾರ್."

"ಏನೂ ಆಗಬೇಕಿಲ್ಲದೋರು ದುಡ್ಡು ಯಾಕೆ ಕೊಡ್ತಾರೆ?"

"ಬೂಟು ಬೇಕು ಅಂತ."

"ಬೂಟು ಎಲ್ಲಿದೆ?"

"ಇನ್ನು ಮೇಲೆ ಮಾಡ್ಬೇಕು ಸಾರ್."

"ಅಂದ್ರೆ, ಗೊತ್ತೇ ಇಲ್ಲದೋರು ಇಲ್ಲದೇ ಇರೋ ಬೂಟಿಗೆ ದುಡ್ಡು ಕೊಟ್ಟಿದ್ದಾರೆ!" ಎಂದು ತಾವು ಗುಮಾಸ್ತರ ಕಡೆ ತಿರುಗಿದಿರಿ. ಕಳ್ಳನನ್ನು ಕೈಯಾರೆ ಹಿಡಿದವರ ಮುಖದಲ್ಲಿರುವ ಕಳೆ ತಮ್ಮ ಮುಖದಲ್ಲಿತ್ತು.

ತಮ್ಮ ನಮೂನೆಯಲ್ಲಿ ಮೂರು ಚೌಕಗಳಿದ್ದವು: ದಾನ, ಸಾಲ, ಷೇರು. ನನ್ನದು ಮೂರರಲ್ಲೂ ಕೂರಲಿಲ್ಲ. ನಾಲ್ಕನೆಯ ಚೌಕ ಎಳೆಯಲು ಒಂದು ಅಡಿಪಟ್ಟಿ ಸಾಕಿತ್ತು. ಅದರ ಬದಲು ನಾನೂರು ಜನರನ್ನು ಅನುಮಾನಿಸುವುದು ತಮಗೆ ಸುಲಭವಾಯಿತು. ಜನರ ಕನಿಕರವನ್ನು ಹಿಂಡಿಕೊಂಡು ಓಡಿಹೋದ ಖದೀಮರಿದ್ದಾರೆ, ನಾನು ಬಲ್ಲೆ. ಪರಿಶೀಲಿಸುವುದು ತಮ್ಮ ಕರ್ತವ್ಯ, ಸಂಬಳವೂ ಅದಕ್ಕೇ. ಆದರೆ ಪರಿಶೀಲನೆ ಎಂದರೆ ಬಂದು ನೋಡುವುದಲ್ಲವೇ? ನಮ್ಮ ಮನೆ ತಮ್ಮ ಕಚೇರಿಯಿಂದ ಎರಡು ಬಸ್ ನಿಲ್ದಾಣದಾಚೆಗಿದೆ. ಎರಡು ಕಾಲೂ ನೆಟ್ಟಗಿರುವ ತಾವು ನಡೆದೇ ಬರಬಹುದಿತ್ತು. ತಂಗಿಯ ಕಾಲು ನೋಡಿ, "ಇದು ನಕಲಿ" ಎಂದು ಬೇಕಾದರೆ ಬರೆದುಕೊಳ್ಳಬಹುದಿತ್ತು.

ಬಂದದ್ದು ಆದೇಶ. ಹಣವನ್ನೆಲ್ಲ ಹಿಂದಿರುಗಿಸಬೇಕು, ಹಾಳೆಗಳು ಸಾಕ್ಷ್ಯವಾಗಿ ಕಚೇರಿಯಲ್ಲೇ ಉಳಿಯಬೇಕು. ಗುಮಾಸ್ತರು ನನ್ನ ಕಣ್ಣೆದುರಿಗೇ ಅವುಗಳಿಗೆ ತೂತು ಹೊಡೆದು ದಾರ ಪೋಣಿಸಿದರು. ಪ್ರತಿ ಹಿಮ್ಮಡಿಗೂ ಎರಡೆರಡು ತೂತು. ಅಷ್ಟಕ್ಕೇ ಮುಗಿಯಲಿಲ್ಲ. ಕೊಟ್ಟವರಿಗೆಲ್ಲ "ಸಂಶಯಾಸ್ಪದ ವ್ಯವಹಾರದಲ್ಲಿ ಪಾಲ್ಗೊಂಡಿದ್ದಕ್ಕೆ ವಿವರಣೆ ನೀಡಿ" ಎಂಬ ಪತ್ರವೂ ಹೋಯಿತು. ಅಬ್ಬಾ, ಆ ವೇಗ! ನನ್ನ ನಾಲ್ಕು ಪತ್ರಗಳಿಗೆ ಸಿಗದ ಲಕೋಟೆಗಳು ಅಂದು ನಾನೂರು ಸಿಕ್ಕವು.

ಹಣವನ್ನು ಒಬ್ಬರನ್ನೂ ಬಿಡದೆ ಹಿಂದಿರುಗಿಸಿದೆ. ತಂಗಿ ಒಂದು ದಿನ ಪಾತ್ರೆ ತೊಳೆಯುತ್ತ, "ನನ್ನ ಕಾಲು ತೋರಿಸಬಾರದಿತ್ತೇನೋ ಅಕ್ಕಾ" ಎಂದಳು. ಆ ಮಾತಿಗೆ ಉತ್ತರ ತಮ್ಮ ನಮೂನೆಯಲ್ಲಿದ್ದರೆ ತಿಳಿಸಿ.

ಹಣ ಹಿಂದಿರುಗಿಸಿದ ಮೂರನೇ ವಾರ ಊರುಗೋಲಿನ ಮುದುಕರೊಬ್ಬರು ಬಾಗಿಲು ತಟ್ಟಿದರು. ನಿವೃತ್ತ ಬಸ್ ಕಂಡಕ್ಟರ್, ಖಾಲಿ ಜಾಗಕ್ಕೆ ಕ್ಷಮೆ ಕೇಳಿದ್ದವರು. ಎರಡು ಬಸ್ ಬದಲಿಸಿ ಬಂದಿದ್ದರು. "ಹಾಳೆ ಅವರ ಹತ್ರ ಇದೆಯಂತಲ್ಲ, ಅದಕ್ಕೆ ಕಾಲನ್ನೇ ತಂದಿದ್ದೀನಿ. ಬೇಗ ಬರ್ಕೊಳಮ್ಮ. ಇದನ್ನೂ ಜಪ್ತಿ ಮಾಡಿದ್ರೆ ನನ್ನ ಹತ್ರ ಬೇರೆ ಇಲ್ಲ" ಎಂದರು. ತಂಗಿ ಎಷ್ಟೋ ದಿನಗಳ ಮೇಲೆ ಬಿದ್ದು ಬಿದ್ದು ನಕ್ಕಳು. ನೆಲದ ಮೇಲೆ ಕಾಗದ ಹಾಸಿ ಅವಳೇ ಗೆರೆ ಎಳೆದಳು. ಅವರು ಬೂಟಿನ ಪೂರ್ತಿ ಬೆಲೆಯನ್ನು ಮುಂಗಡ ಕೊಟ್ಟು ರಸೀದಿ ಕೇಳಿ ಪಡೆದರು. ಗಿರಾಕಿ ಅಂಗಡಿಗೆ ಮುಂಗಡ ಕೊಡಲು ಯಾವ ಚೌಕವೂ ಬೇಡವಂತೆ!

ಆ ದಾರಿ ಹಿಡಿದು ಒಬ್ಬೊಬ್ಬರಾಗಿ ಅರವತ್ತು ಜನ ಬಂದರು, ಇಲ್ಲವೇ ಹೊಸ ಅಳತೆ ಕಳಿಸಿದರು. ಹಳೆಯ ಯಂತ್ರವೊಂದು ಬಾಡಿಗೆಗೆ ಸಿಕ್ಕಿತು. ಟೈಲರ್ ಅಂಗಡಿಯ ಪಕ್ಕದ ಕೋಣೆಯಲ್ಲಿ ಈಗ ಕೆಲಸ ನಡೆದಿದೆ. ತಂಗಿ ತನ್ನ ಎಡಗಾಲಿನ ಸ್ವಂತ ಬೂಟು ತೊಟ್ಟು ಅಲ್ಲೇ ಕೂತು ಲೆಕ್ಕ ಬರೆಯುತ್ತಾಳೆ.

ಉಳಿದ ಎಂಬತ್ತು ಜನ ಬರಲಿಲ್ಲ. ಫೋನು ಮಾಡಿದರೆ, "ಬೇಡಮ್ಮ, ಮತ್ತೆ ನೋಟಿಸು ಬಂದ್ರೆ ಮನೇಲಿ ಹೆದರ್ತಾರೆ" ಎನ್ನುತ್ತಾರೆ. ಬೂಟು ಕೇಳಿದ್ದೇ ತಪ್ಪೆಂದು ನಂಬಿಸಿಬಿಟ್ಟಿದ್ದೀರಿ ಅವರನ್ನು. ಅದಕ್ಕೇ ನನ್ನ ಬೇಡಿಕೆ: ಕಪಾಟು ತೆರೆದು ಆ ಹಾಳೆಗಳನ್ನು ಕೊಡಿ. ಜೊತೆಗೆ ಆ ನಾನೂರೂ ಜನರಿಗೆ, ಅದೇ ಲಕೋಟೆಯಲ್ಲಿ, ಅದೇ ಮೊಹರಿನಡಿ, "ತಾವು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ" ಎಂದು ಒಂದು ಸಾಲು ಬರೆಯಿರಿ.

ಹಾಳೆಗಳಲ್ಲಿ ಒಂದರ ಮೇಲೆ ಹತ್ತೂ ಉಗುರುಗಳಿಗೆ ಕೆಂಪು ಬಣ್ಣ ಬಳಿದಿದೆ. ಅದು ಒಂಬತ್ತು ವರ್ಷದ ಹುಡುಗಿಯದು. ಮೊನ್ನೆ ಅವಳಮ್ಮ ಫೋನಿನಲ್ಲಿ, "ಅದು ಹೋದ ವರ್ಷದ್ದಲ್ವಾ, ಈಗ ಎರಡು ಕಾಲೂ ಬೆಳೆದಿವೆ" ಎಂದರು. ಆದ್ದರಿಂದ ಅದೊಂದನ್ನು ಬೇಕಾದರೆ ತಾವೇ ಇಟ್ಟುಕೊಳ್ಳಿ. ಮಗು ಆ ಗೆರೆ ದಾಟಿ ಆಚೆ ಹೋಗಿದೆ.

ಇಂತಿ, ತಮ್ಮ ಕಪಾಟಿನ ಬೀಗದ ಸದ್ದಿಗೆ ಕಿವಿಗೊಟ್ಟು ಕೂತಿರುವ,
ಎಡ ಬಲ ಬೇರೆ ಬೇರೆ ಹೊಲಿಯುವ ಬೂಟಿನಂಗಡಿಯವಳು